ಸೂರ್ಯೋದಯದ ಉದಾಹರಣೆ ಬೇಡ: ಸಾಧಾರಣ ದಿನದಲ್ಲಿ ವಿಶ್ವಾಸ, ಭರವಸೆ ಎಂದರೆ ನೀವು ನಿಜವಾಗಿ ಏನು ಮಾಡುತ್ತೀರಿ?

ಹಿಂಬದಿ ಬೆಂಚು
ಎಲ್ಲರಿಗೂ ವಂದನೆಗಳು. ಸುತ್ತಿ ಬಳಸದೆ ಕೇಳುತ್ತೇನೆ. "ದಿನನಿತ್ಯದ ಬದುಕಿನಲ್ಲಿ ದೇವರನ್ನು ಕಾಣಿರಿ" ಎಂಬ ಮಾತನ್ನು ಚರ್ಚಿನ ಪ್ರಬೋಧನೆಯಲ್ಲಿ, ಧರ್ಮಕೇಂದ್ರದ ಪತ್ರಿಕೆಯಲ್ಲಿ, ಬೆಳಗಾದರೆ ವಾಟ್ಸಾಪ್‌ನಲ್ಲಿ ಕೇಳಿ ಕೇಳಿ ಸಾಕಾಗಿದೆ. ಉದಾಹರಣೆಗಳು ಯಾವಾಗಲೂ ಅವೇ: ಸೂರ್ಯೋದಯ, ಹೂವು, ಮಗುವಿನ ನಗು. ಕಥೋಲಿಕ ಧರ್ಮಸಭೆಯ 2025ರ ಜುಬಿಲಿ ವರ್ಷದುದ್ದಕ್ಕೂ "ಭರವಸೆಯ ಯಾತ್ರಿಕರು" ಎಂಬ ಬ್ಯಾನರಿನ ಕೆಳಗೆ ಕುಳಿತು ಪೂಜೆ ಕೇಳಿದೆ. ಯಾತ್ರೆ ಎಲ್ಲಿಗೆ ಎಂದು ನನಗಂತೂ ಗೊತ್ತಾಗಲಿಲ್ಲ.

ನನ್ನ ಮಾವನವರಿಗೆ ಮರೆವಿನ ಕಾಯಿಲೆ. ಬೆಳಗ್ಗೆ ಅವರ ಹಾಸಿಗೆ ಬದಲಿಸುವುದರಿಂದ ನನ್ನ ದಿನ ಶುರುವಾಗುತ್ತದೆ. ಮಗ್ಗುಲಿಗೆ ಹೊರಳಿಸುವಾಗ ಅವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು "ನೀನು ಯಾರು? ಅವಳೆಲ್ಲಿ?" ಎಂದು ಕೇಳುತ್ತಾರೆ. ಅವಳು ಎಂದರೆ ನನ್ನ ಅತ್ತೆ. ತೀರಿಕೊಂಡು ವರ್ಷಗಳೇ ಆದವು. ನಿಜ ಹೇಳಿದರೆ ಅವರಿಗೆ ಪ್ರತಿ ಬಾರಿಯೂ ಆಗಷ್ಟೇ ಸುದ್ದಿ ಬಂದ ಹಾಗೆ ಅಳು. ಹಾಗಾಗಿ "ಪೂಜೆಗೆ ಹೋಗಿದ್ದಾರೆ, ಬರುತ್ತಾರೆ" ಎಂದುಬಿಡುತ್ತೇನೆ. ಅವರು ಸುಮ್ಮನಾಗುತ್ತಾರೆ. ಅರ್ಧ ಗಂಟೆಯ ನಂತರ ಮತ್ತೆ ಅದೇ ಪ್ರಶ್ನೆ.

ರಾತ್ರಿ ಜಪಸರ ಹಿಡಿದರೆ ಅದರ ಐದು ರಹಸ್ಯಗಳಲ್ಲಿ, ಅಂದರೆ ಐದು ಸುತ್ತುಗಳಲ್ಲಿ, ಎರಡನೆಯದು ಮುಗಿಯುವ ಮೊದಲೇ ನಿದ್ದೆ. ಭಾನುವಾರದ ಪೂಜೆ ಎಷ್ಟೋ ವಾರ ತಪ್ಪುತ್ತದೆ. ದೇವರಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದಾನೆ ಎಂದು ಒಳಗೆ ಏನೂ ಅನಿಸುವುದಿಲ್ಲ, ಅಷ್ಟೇ. ಇಂಥ ದಿನಗಳಲ್ಲಿ ನೀವೆಲ್ಲ ಏನು ಮಾಡುತ್ತೀರಿ? ಸೂಕ್ತಿಗಳನ್ನು ದಯವಿಟ್ಟು ಕಳುಹಿಸಬೇಡಿ.

ಗಾಯನವೃಂದ
ಬೇಡ ಎಂದರೂ ಒಂದೇ ಒಂದು ಸೂಕ್ತಿ ಅಕ್ಕ. ಪ್ರಭು ಅಡುಗೆಮನೆಯ ಪಾತ್ರೆಗಳ ನಡುವೆಯೂ ಓಡಾಡುತ್ತಾನೆ ಎಂದು ಚಿಕ್ಕ ತೆರೇಸಾ ಹೇಳಿದ್ದಾರೆ. ನಿಮ್ಮ ಮಾವನ ಕೋಣೆಯಲ್ಲೂ ಇದ್ದಾನೆ.

ನಿವೃತ್ತ ಮೇಷ್ಟರು
ಅದು ಚಿಕ್ಕ ತೆರೇಸಾ ಹೇಳಿದ್ದಲ್ಲ. ಆವಿಲಾದ ದೊಡ್ಡ ತೆರೇಸಾ (1515–1582) ತಾವು ಮಠಗಳನ್ನು ಸ್ಥಾಪಿಸಿದ ಕಥೆ ಬರೆಯುವಾಗ ಹೇಳಿದ್ದು. ಪ್ರಾರ್ಥನೆ ಬಿಟ್ಟು ಅಡುಗೆಗೆ ಹೋಗಬೇಕಾಯಿತಲ್ಲ ಎಂದು ಕೊರಗುವ ಸಹೋದರಿಯರನ್ನು ಉದ್ದೇಶಿಸಿದ ಮಾತು ಅದು.

ಪಾದಚಾರಿ
ಕೋಲ್ಕತ್ತದ ಮದರ್ ಸೇರಿ ಮೂವರು ತೆರೇಸಾ ಇದ್ದಾರೆ. ನಾವಿಲ್ಲಿ ಮೂವರನ್ನೂ ಆಗಾಗ ಅದಲುಬದಲು ಮಾಡುತ್ತಿರುತ್ತೇವೆ.

ನಿವೃತ್ತ ಮೇಷ್ಟರು
ಚಿಕ್ಕ ತೆರೇಸಾರನ್ನು ಎಳೆದು ತಂದಿದ್ದೀರಿ, ಅವರ ವಿಷಯವನ್ನೂ ಹೇಳಿಬಿಡುತ್ತೇನೆ. ಅಕ್ಕನ ಪ್ರಶ್ನೆಗೆ ಹತ್ತಿರವಾದವರು ಅವರೇ.

ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠಕ್ಕೆ 15ನೆಯ ವಯಸ್ಸಿನಲ್ಲಿ ಸೇರಿ, 24ನೆಯ ವಯಸ್ಸಿನಲ್ಲಿ, 1897ರ ಸೆಪ್ಟೆಂಬರ್ 30ರಂದು ಕ್ಷಯದಿಂದ ತೀರಿಕೊಂಡವರು. ನಾವು ಅವರನ್ನು ಗುಲಾಬಿ ಹೂಗಳ ನಡುವೆ ನಿಲ್ಲಿಸಿ ಚಿತ್ರ ಬರೆಸಿದ್ದೇವೆ. ಅವರೇ ಬರೆದದ್ದನ್ನು ಓದಿದರೆ ಬೇರೆಯೇ ವ್ಯಕ್ತಿ ಸಿಗುತ್ತಾರೆ. ಧ್ಯಾನದ ಹೊತ್ತಿನಲ್ಲಿ ಹಿಂದೆ ಕುಳಿತ ಸಹೋದರಿಯೊಬ್ಬರು ಸದಾ ಕಟಕಟ ಸದ್ದು ಮಾಡುತ್ತಿದ್ದರು. ತಿರುಗಿ ದುರುಗುಟ್ಟಿ ನೋಡುವ ಆಸೆಯನ್ನು ತಡೆದುಕೊಳ್ಳುವುದರಲ್ಲಿ ತೆರೇಸಾಗೆ ಮೈಯೆಲ್ಲ ಬೆವರುತ್ತಿತ್ತು. ಕೊನೆಗೆ ಆ ಸದ್ದನ್ನೇ ಕಿವಿಗೊಟ್ಟು ಕೇಳಿ, ಅದನ್ನೇ ಯೇಸುವಿಗೆ ಒಪ್ಪಿಸಿದರು. ಬಟ್ಟೆ ಒಗೆಯುವಾಗ ಎದುರಿನ ಸಹೋದರಿ ಕೊಳೆನೀರನ್ನು ಇವರ ಮುಖಕ್ಕೆ ಎರಚುತ್ತಿದ್ದರು. ಹಿಂದೆ ಸರಿಯದೆ ಅಲ್ಲೇ ನಿಂತರು. ಇನ್ನೊಬ್ಬ ಸಹೋದರಿಯನ್ನು ಕಂಡರೆ ಇವರಿಗೆ ಆಗುತ್ತಲೇ ಇರಲಿಲ್ಲ. ಆದರೂ ಎದುರಾದಾಗಲೆಲ್ಲ ಮುಗುಳ್ನಗುತ್ತಿದ್ದರು. ಆಕೆಯೋ, "ನನ್ನಲ್ಲಿ ಅಂಥದ್ದೇನು ಕಂಡು ಇಷ್ಟೊಂದು ಮೆಚ್ಚಿದ್ದೀರಿ?" ಎಂದು ಕೇಳಿಬಿಟ್ಟರಂತೆ.

ಅಕ್ಕ ಕೇಳಿದ ಇನ್ನೊಂದು ವಿಷಯ, ಏನೂ ಅನಿಸದಿರುವುದು. 1896ರ ಈಸ್ಟರ್ ಕಾಲದಿಂದ ಸಾಯುವ ತನಕ, ಸುಮಾರು ಒಂದೂವರೆ ವರ್ಷ, ತೆರೇಸಾಗೂ ಏನೂ ಅನಿಸುತ್ತಿರಲಿಲ್ಲ. ಸ್ವರ್ಗದ ವಿಚಾರ ಬಂದರೆ ಆಕಾಶದವರೆಗೆ ಎದ್ದ ಗೋಡೆಯೊಂದೇ ಕಾಣುತ್ತಿತ್ತು. ಇಂಥವರನ್ನು 1997ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಮಾರ್ತಳ ಪಕ್ಷ
ಮೇಷ್ಟರೇ, ಗೌರವದಿಂದಲೇ ಹೇಳುತ್ತೇನೆ, ಕೊಳೆನೀರಿನ ಕಥೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಠದಲ್ಲಿ ಸ್ವಂತ ಇಚ್ಛೆಯಿಂದ ವ್ರತ ತೊಟ್ಟವರ ತ್ಯಾಗ ಒಂದು. ಮನೆಯಲ್ಲಿ ಎಲ್ಲರೂ ಸೇರಿ ಒಬ್ಬ ಹೆಂಗಸಿನ ಮೇಲೆ ಹೊರಿಸಿದ ಭಾರಕ್ಕೆ "ಒಪ್ಪಿಸಿಬಿಡು ತಾಯಿ" ಎಂದು ಹೇಳುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಬೋಧಿಸುವವರಿಗೆ ಸಾಮಾನ್ಯವಾಗಿ ಹಾಸಿಗೆ ಬದಲಿಸುವ ಕೆಲಸ ಇರುವುದಿಲ್ಲ.

ಹಿಂಬದಿ ಬೆಂಚಿನ ಅಕ್ಕನಿಗೆ ನನ್ನ ಮೊದಲ ಪ್ರಶ್ನೆ ಪ್ರಾರ್ಥನೆಯ ಬಗ್ಗೆ ಅಲ್ಲ. ಮಾವನವರ ಮಗ ಎಲ್ಲಿ? ಮಗಳು ಇದ್ದಾಳೆಯೇ? ಶಿಲುಬೆಯ ಹಾದಿಯ ಐದನೆಯ ಸ್ಥಳವನ್ನು ನೆನಪಿಸಿಕೊಳ್ಳಿ. ಸಿರೇನಿನ ಸಿಮೋನನನ್ನು ಹಿಡಿದು ತಂದು ಶಿಲುಬೆ ಹೊರಿಸಿದರು. ಯೇಸು "ಬೇಡ, ನಾನೊಬ್ಬನೇ ಹೊರುತ್ತೇನೆ" ಎಂದು ಹೇಳಿದ್ದನ್ನು ನಾನು ಎಲ್ಲಿಯೂ ಓದಿಲ್ಲ.

ಪಾದಚಾರಿ
ಚಪ್ಪಾಳೆ.

ಹಿಂಬದಿ ಬೆಂಚು
ಮಾರ್ತಳ ಪಕ್ಷದವರೇ, ಬೆಳಗ್ಗೆ ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕುಳಿತೆ. ಪತಿ ರಾತ್ರಿ ಎದ್ದು ನೋಡಿಕೊಳ್ಳುತ್ತಾರೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾದಿನಿ ಹಬ್ಬಕ್ಕೆ ಬಂದು, ಮಾವನ ಜೊತೆ ಫೋಟೊ ತೆಗೆಸಿಕೊಂಡು, "ಅತ್ತಿಗೆ ದೇವತೆ" ಎಂದು ಹಾಕಿ ಹೋಗುತ್ತಾಳೆ. ನನಗೆ ದೇವತೆಯ ಪಟ್ಟ ಬೇಡ, ಶನಿವಾರ ಮಧ್ಯಾಹ್ನ ಸಾಕು.

ಮಾರ್ತಳ ಪಕ್ಷ
ಇದೇ ವಾಕ್ಯವನ್ನು ಆ ಫೋಟೊದ ಕೆಳಗೆ ಬರೆಯಿರಿ.

ರಾತ್ರಿ ಪಾಳಿ
ನಾನು ಶುಶ್ರೂಷಕಿ. ಏನು ಮಾಡುತ್ತೀರಿ ಎಂದು ಕೇಳಿದ್ದೀರಿ, ಮಾಡುವುದನ್ನು ಹೇಳುತ್ತೇನೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈ ತೊಳೆಯಬೇಕು. ಸೋಪಿನಲ್ಲಾದರೆ 40ರಿಂದ 60 ಸೆಕೆಂಡು ಎಂದು ನಮಗೆ ಕಲಿಸಿದ್ದಾರೆ. ಆ ಹೊತ್ತಿನಲ್ಲಿ ಮರಿಯ ಮಾತೆಗೆ ಹೇಳುವ ಪ್ರಾರ್ಥನೆ, ಒಂದು ನಮೋ ಮರಿಯ, ಈಗಷ್ಟೇ ನೋಡಿ ಬಂದವರ ಹೆಸರಿನಲ್ಲಿ. ಬೈದವರ ಹೆಸರಿನಲ್ಲಿ ಎರಡು. ಪ್ರಾರ್ಥನೆಗೆ ಬೇರೆ ಸಮಯ ಹುಡುಕುವುದನ್ನು ಬಿಟ್ಟಿದ್ದೇನೆ, ಹುಡುಕಿದರೆ ಸಿಗುವುದೂ ಇಲ್ಲ. ಭಕ್ತಿ ಉಕ್ಕುತ್ತದೆಯೇ ಎಂದರೆ, ಇಲ್ಲ. ಕೈ ಒಣಗುತ್ತದೆ.

ಮಾವನವರ ಬಗ್ಗೆ ಎರಡು ಮಾತು. ಸತ್ತ ಸುದ್ದಿಯನ್ನು ಮತ್ತೆ ಮತ್ತೆ ಹೇಳದಿರುವುದು ಸರಿ. ಇನ್ನೊಂದು ಮಾಡಿ ನೋಡಿ. "ಅವಳೆಲ್ಲಿ?" ಎಂದು ಕೇಳಿದಾಗ "ಅವರ ಬಗ್ಗೆ ಹೇಳಿ" ಎನ್ನಿ. ಹುಡುಕಾಟ ಮಾತಾಗಿ ತಿರುಗುತ್ತದೆ, ಎಷ್ಟೋ ಸಲ ಸಮಾಧಾನವೂ ಆಗುತ್ತದೆ. ಎರಡನೆಯದು, ಅವರ ಪಕ್ಕದಲ್ಲಿ ಕುಳಿತು ಜಪಸರವನ್ನು ಗಟ್ಟಿಯಾಗಿ ಹೇಳಿ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು. ಮಕ್ಕಳ ಹೆಸರು ಮರೆತಿದ್ದರು, ತಮ್ಮ ಹೆಸರನ್ನೂ ಮರೆತಿದ್ದರು. ಪಕ್ಕದ ಹಾಸಿಗೆಯವರು ನಮೋ ಮರಿಯ ಶುರು ಮಾಡಿದರೆ ಸಾಕು, "ಸಂತ ಮರಿಯ" ಎಂದು ಉತ್ತರಾರ್ಧವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಬೆರಳುಗಳು ಇಲ್ಲದ ಮಣಿಗಳನ್ನು ಹೊದಿಕೆಯ ಅಂಚಿನಲ್ಲಿ ಎಣಿಸುತ್ತಿದ್ದವು. ಬಾಲ್ಯದಲ್ಲಿ ಬಾಯಿಪಾಠವಾದದ್ದು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ.

ತೋಮನ ತಮ್ಮ
ನಾನು ಪೂಜೆಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು, ಇಲ್ಲಿ ಓದಲು ಮಾತ್ರ ಬರುತ್ತೇನೆ. ಶುಶ್ರೂಷಕಿಯವರ ಮಾತನ್ನು ಒಪ್ಪುತ್ತೇನೆ, ಏಕೆಂದರೆ ಅದು ಒಳ್ಳೆಯ ಶುಶ್ರೂಷೆ. ಅದರಲ್ಲಿ ಭರವಸೆ ಎಲ್ಲಿ ಬಂತು? ಆ ಹಿರಿಯರು ಗುಣವಾಗುವುದಿಲ್ಲ. ನಾಳೆ ಇವತ್ತಿಗಿಂತ ಕಷ್ಟವೇ ಇರುತ್ತದೆ. ದಣಿದವರಿಗೆ ನೋವು ಮರೆಯಲು ಕೊಡುವ ಗುಳಿಗೆಗೆ ನೀವು ಭರವಸೆ ಎಂದು ಹೆಸರಿಟ್ಟಿದ್ದೀರಿ.

ಗಾಯನವೃಂದ
ನಂಬಿದವರಿಗೆ ಎಲ್ಲವೂ ಒಳ್ಳೆಯದೇ ಆಗುತ್ತದೆ ಸಹೋದರ. ಧೈರ್ಯವಾಗಿರಿ.

ತೋಮನ ತಮ್ಮ
ನೋಡಿದಿರಾ? ನಾನು ಹೇಳಿದ್ದು ಇದನ್ನೇ.

ಸೆಮಿನರಿ ಬಿಟ್ಟವ
ಗಾಯನವೃಂದದವರೇ, ನಿಮ್ಮ ಕಂಠಕ್ಕೆ ನಮಸ್ಕಾರ, ಈ ಮಾತಿಗಲ್ಲ. "ಎಲ್ಲ ಒಳ್ಳೆಯದೇ ಆಗುತ್ತದೆ" ಎನ್ನುವುದು ಧರ್ಮಸಭೆಯ ಬೋಧನೆಯಲ್ಲ. ಧರ್ಮಸಭೆಯ ಬೋಧನೆಯ ಅಧಿಕೃತ ಸಂಗ್ರಹವಾದ ಧರ್ಮೋಪದೇಶ ಗ್ರಂಥ ಭರವಸೆಗೆ ವಿರುದ್ಧವಾದ ಎರಡು ಪಾಪಗಳನ್ನು ಹೇಳುತ್ತದೆ. ಒಂದು ನಿರಾಶೆ. ಇನ್ನೊಂದು, ದೇವರ ಕೃಪೆ ಹೇಗೂ ನಮ್ಮ ಜೇಬಿನಲ್ಲಿದೆ ಎಂಬ ಹುಂಬತನ. ಮೊದಲನೆಯದರ ಮೇಲೆ ಪ್ರಬೋಧನೆ ಬೇಕಾದಷ್ಟು ಕೇಳಿದ್ದೇನೆ. ಎರಡನೆಯದರ ಮೇಲೆ ಕೇಳಿದ ನೆನಪಿಲ್ಲ.

ಮಧ್ಯಯುಗದ ದೈವಶಾಸ್ತ್ರಜ್ಞ ಸಂತ ತೋಮಾಸ್ ಅಕ್ವಿನಾಸ್ ಪ್ರಕಾರ ಭರವಸೆ ಇಡುವ ವಸ್ತುವಿಗೆ ನಾಲ್ಕು ಲಕ್ಷಣಗಳಿರಬೇಕು. ಅದು ಒಳ್ಳೆಯದಾಗಿರಬೇಕು, ಇನ್ನೂ ಕೈಗೆ ಬಂದಿರಬಾರದು, ಕಷ್ಟಸಾಧ್ಯವಾಗಿರಬೇಕು, ಅಸಾಧ್ಯವಾಗಿರಬಾರದು. ಸುಲಭವಾಗಿ ಸಿಗುವುದಕ್ಕೆ ಭರವಸೆ ಬೇಕಾಗಿಲ್ಲ. ತೋಮನ ತಮ್ಮನವರು ಹೇಳುವ "ನಾಳೆ ಕಷ್ಟವೇ ಇರುತ್ತದೆ" ಎಂಬುದು ಈ ಲೆಕ್ಕದ ಒಳಗೇ ಬರುತ್ತದೆ.

ಹದಿನಾರನೆಯ ಬೆನೆಡಿಕ್ಟ್ ಪೋಪರು 2007ರ ನವೆಂಬರ್ 30ರಂದು ಭರವಸೆಯ ಮೇಲೆ ಒಂದು ವಿಶ್ವಪತ್ರ, ಅಂದರೆ ಇಡೀ ಧರ್ಮಸಭೆಗೆ ಬರೆದ ಪತ್ರ, ಹೊರಡಿಸಿದರು. ದೊಡ್ಡ ದೈವಶಾಸ್ತ್ರಜ್ಞರು, ಆದರೂ ಆರಂಭದಲ್ಲೇ ಅವರು ಕೊಟ್ಟ ಉದಾಹರಣೆ ಒಬ್ಬ ಗುಲಾಮ ಹೆಣ್ಣುಮಗಳದು. ಸುಡಾನಿನ ಜೋಸೆಫೀನ್ ಬಖಿತಾ. ಬಾಲ್ಯದಲ್ಲೇ ಅಪಹರಿಸಿ ಸಂತೆಯಲ್ಲಿ ಮತ್ತೆ ಮತ್ತೆ ಮಾರಿದ್ದರು. ಹೊಡೆತದಿಂದ ಉಳಿದ 144 ಗಾಯದ ಗುರುತುಗಳು ಕೊನೆಯವರೆಗೂ ಮೈಮೇಲೆ ಇದ್ದವು. ಇಟಲಿಗೆ ಬಂದ ಮೇಲೆ, ಎಲ್ಲ ಯಜಮಾನರಿಗೂ ಮೇಲಿನ ಯಜಮಾನನೊಬ್ಬನಿದ್ದಾನೆ, ಅವನೂ ಹೊಡೆತ ತಿಂದವನು, ಅವನಿಗೆ ತನ್ನ ಗುರುತಿದೆ ಎಂಬುದು ಆಕೆಗೆ ತಿಳಿಯಿತು. 1890ರಲ್ಲಿ ದೀಕ್ಷಾಸ್ನಾನ ಪಡೆದರು. ಗಾಯಗಳು ಮಾಯಲಿಲ್ಲ. ತಾನು ಯಾರಿಗೂ ಬೇಡದವಳು ಎಂಬ ಮಾತಷ್ಟೇ ಸುಳ್ಳಾಯಿತು. ನೋವು ಮರೆಸುವ ಗುಳಿಗೆ ಈ ಕೆಲಸ ಮಾಡುವುದಿಲ್ಲ.

ತೋಮನ ತಮ್ಮ
ಬಖಿತಾರ ಕಥೆ ನನಗೆ ಗೊತ್ತಿರಲಿಲ್ಲ. ಧನ್ಯವಾದ. ಆದರೆ ಸಂತರ ಉದಾಹರಣೆ ಕೊಟ್ಟಾಗಲೆಲ್ಲ ನನ್ನದು ಅದೇ ತಕರಾರು. ಕಥೆ ಮುಗಿದ ಮೇಲೆ ಹೇಳುವುದು ಸುಲಭ. ಆ ಅಕ್ಕನ ಕಥೆ ಇನ್ನೂ ನಡುವಿನಲ್ಲಿದೆ.

ಸೆಮಿನರಿ ಬಿಟ್ಟವ
ನ್ಯಾಯವಾದ ತಕರಾರು. ನಡುವಿನಲ್ಲಿ ಇರುವವರ ಕಥೆ ಬೇಕಾದರೆ ಲೂಕನ ಶುಭಸಂದೇಶದ 24ನೆಯ ಅಧ್ಯಾಯ ಇದೆ. ಯೇಸು ಸತ್ತ ಮೇಲೆ ಎಮ್ಮಾವು ದಾರಿಯಲ್ಲಿ ಇಬ್ಬರು ಶಿಷ್ಯರು ಅಪರಿಚಿತನೊಬ್ಬನಿಗೆ (ಪುನರುತ್ಥಾನ ಹೊಂದಿದ ಯೇಸುವೇ ಅವನು, ಅವರಿಗೆ ಗುರುತು ಸಿಗಲಿಲ್ಲ) ಹೇಳುತ್ತಾರೆ, ಇಸ್ರಯೇಲನ್ನು ಬಿಡಿಸುವವನು ಯೇಸುವೇ ಎಂದು ನಾವು ನಂಬಿಕೊಂಡಿದ್ದೆವು ಎಂದು. ನಂಬಿಕೊಂಡಿದ್ದೆವು, ಈಗ ಇಲ್ಲ. ಹಾಗೆ ಹೇಳಿದ್ದಕ್ಕೆ ಅವನು ಅವರನ್ನು ದಾರಿಯಲ್ಲಿ ಬಿಟ್ಟು ಹೋಗಲಿಲ್ಲ. ಬೈದ, ನಿಜ. ಬೈದುಕೊಂಡೇ ಜೊತೆಯಲ್ಲಿ ನಡೆದ.

ಅಲ್ಪವಿಶ್ವಾಸಿ
ಇಷ್ಟು ದಿನ ಓದುತ್ತಿದ್ದೆ, ಬರೆಯಲು ಧೈರ್ಯವಿರಲಿಲ್ಲ. ನನಗೂ ಏನೂ ಅನಿಸುವುದಿಲ್ಲ, ಆದರೆ ನನ್ನದು ಕಾಯಿಲೆ. ಖಿನ್ನತೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಪಾಪನಿವೇದನೆಯಲ್ಲಿ ಹೇಳಿಕೊಂಡಾಗ ಒಬ್ಬ ಗುರುಗಳು "ಪ್ರಾರ್ಥನೆ ಕಡಿಮೆಯಾಗಿದೆ, ಅದಕ್ಕೇ" ಎಂದರು. ಮಾತ್ರೆ ನುಂಗುವುದೇ ವಿಶ್ವಾಸದ ಕೊರತೆ ಎಂಬ ಭಾವನೆ ಬಹಳ ಕಾಲ ಕಾಡಿತು. ಮಾರ್ಕನ ಶುಭಸಂದೇಶದಲ್ಲಿ ಒಬ್ಬ ತಂದೆ ಕೂಗುತ್ತಾನಲ್ಲ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು. ನನ್ನಿಂದ ಸಾಧ್ಯವಾಗುವುದು ಅಷ್ಟು. ಬೆಳಗ್ಗೆ ಮಾತ್ರೆ ನುಂಗುವಾಗ ಅದನ್ನೇ ಹೇಳಿಕೊಳ್ಳುತ್ತೇನೆ.

ರಾತ್ರಿ ಪಾಳಿ
ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರಿಗೆ "ಇನ್ಸುಲಿನ್ ಬಿಟ್ಟು ಜಪ ಮಾಡು" ಎಂದು ಯಾವ ಗುರುಗಳೂ ಹೇಳುವುದಿಲ್ಲ.

ಹಿಂಬದಿ ಬೆಂಚಿನ ಅಕ್ಕ, ನಿಮಗೂ ಒಂದು ಪ್ರಶ್ನೆ. ಪ್ರಾರ್ಥನೆಯಲ್ಲಿ ಮಾತ್ರ ಏನೂ ಅನಿಸುವುದಿಲ್ಲವೇ, ಅಥವಾ ಊಟ, ನಿದ್ದೆ, ಮಕ್ಕಳ ಮಾತು ಯಾವುದರಲ್ಲಿಯೂ ಅನಿಸುವುದಿಲ್ಲವೇ? ಎರಡನೆಯದಾದರೆ ವೈದ್ಯರನ್ನು ನೋಡಿ. ಆರೈಕೆ ಮಾಡುವವರು ಹಾಸಿಗೆ ಹಿಡಿಯುವುದನ್ನು ದಿನಾ ನೋಡುತ್ತೇನೆ.

ಹಿಂಬದಿ ಬೆಂಚು
ಮಕ್ಕಳ ಮಾತಿಗೆ ನಗು ಬರುತ್ತದೆ. ಪ್ರಾರ್ಥನೆಯಲ್ಲಿ ಮಾತ್ರ ಒಣಗಿದ ಹಾಗೆ. ಆದರೂ ವೈದ್ಯರಿಗೆ ತೋರಿಸಿಕೊಳ್ಳುತ್ತೇನೆ. ಅಲ್ಪವಿಶ್ವಾಸಿಯವರೇ, ಬರೆದದ್ದು ಒಳ್ಳೆಯದಾಯಿತು.

ಸೆಮಿನರಿ ಬಿಟ್ಟವ
ಒಣಗಿರುವ ಕಾಲಕ್ಕೆ ಯೇಸುಸಭೆ ಸ್ಥಾಪಿಸಿದ ಸಂತ ಇಗ್ನಾಸಿಯವರ ಒಂದು ನಿಯಮ ಬಹಳ ಉಪಯೋಗದ್ದು. ಮನಸ್ಸು ಕತ್ತಲಲ್ಲಿರುವಾಗ ಹಿಂದಿನ ತೀರ್ಮಾನಗಳನ್ನು ಬದಲಿಸಬೇಡ ಎನ್ನುತ್ತಾರೆ. ಬೆಳಕಿದ್ದಾಗ ನಿರ್ಧರಿಸಿದ್ದನ್ನೇ ಹಿಡಿದುಕೊಂಡಿರು, ಸಾಧ್ಯವಾದರೆ ಪ್ರಾರ್ಥನೆಗೆ ಒಂದೆರಡು ನಿಮಿಷ ಹೆಚ್ಚು ಕೂರು. ಸೈನಿಕನಾಗಿದ್ದವರು, 1521ರಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಹಾಸಿಗೆಯಲ್ಲಿ ಬಿದ್ದಿದ್ದಾಗ ತಮ್ಮ ಮನಸ್ಸಿನ ಏರಿಳಿತವನ್ನು ಗಮನಿಸಲು ಕಲಿತವರು. ಆ ನಿಯಮಗಳಲ್ಲಿ ಉಪದೇಶಕ್ಕಿಂತ ಅನುಭವ ಹೆಚ್ಚು.

ಸಂತೋಷ ನಟಿಸುವ ಅಗತ್ಯವೂ ಇಲ್ಲ. 88ನೆಯ ಕೀರ್ತನೆ ಓದಿ. ಉಳಿದ ಶೋಕಗೀತೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಧರ್ಮಸಭೆ ಅದನ್ನು ಪ್ರತಿ ಶುಕ್ರವಾರ ಮಲಗುವ ಮುನ್ನಿನ ಪ್ರಾರ್ಥನೆಯಲ್ಲಿ ಇಟ್ಟಿದೆ. ನಿಮ್ಮ ಗುರುಗಳೂ ಶುಕ್ರವಾರ ರಾತ್ರಿ ಅದನ್ನೇ ಹೇಳಿ ಮಲಗುತ್ತಾರೆ, ಅಥವಾ ಹೇಳಬೇಕು.

ಪಾದಚಾರಿ
"ಅಥವಾ ಹೇಳಬೇಕು" ಎಂಬಲ್ಲಿ ಸೆಮಿನರಿಯ ವಾಸನೆ ಹೊಡೆಯಿತು.

ಮೂರು ಮಕ್ಕಳ ತಾಯಿ
ನಮ್ಮ ಮನೆಯಲ್ಲಿ ಇಗ್ನಾಸಿಯವರ ದಿನಾಂತ್ಯದ ಆತ್ಮಾವಲೋಕನ ಹೀಗೆ ನಡೆಯುತ್ತದೆ. ದೀಪ ಆರಿಸಿದ ಮೇಲೆ ಮೂರೂ ಮಕ್ಕಳು ಒಂದೊಂದು ಹೇಳಬೇಕು: ಇವತ್ತು ಯಾವುದಕ್ಕೆ ದೇವರಿಗೆ ಕೃತಜ್ಞತೆ, ಯಾರ ಬಳಿ ಕ್ಷಮೆ ಕೇಳಬೇಕು. ಹಿರಿಯವಳು ದೊಡ್ಡ ಭಾಷಣ ಮಾಡುತ್ತಾಳೆ. ನಡುವಿನವನು ಯಾವಾಗಲೂ "ಏನೂ ಇಲ್ಲ" ಎನ್ನುತ್ತಾನೆ. ಮೊನ್ನೆ ಕಿರಿಯವನು, "ಅಮ್ಮ ನನ್ನ ಹತ್ತಿರ ಕ್ಷಮೆ ಕೇಳಬೇಕು, ಬೆಳಗ್ಗೆ ಶೂ ಹಾಕುವಾಗ ಕಿರುಚಿದಳು" ಎಂದ. ಕೇಳಿದೆ. "ಆಯಿತು" ಎಂದು ಗೋಡೆ ಕಡೆ ತಿರುಗಿ ಮಲಗಿದ. ಪೂಜೆಯಲ್ಲಿ ನಾನು ಪೂರ್ತಿ ಪ್ರಬೋಧನೆ ಕೇಳಿ ಯಾವ ಕಾಲವಾಯಿತೋ. ಮಗುವನ್ನು ಎತ್ತಿಕೊಂಡು ಹೊರಗೇ ಇರುತ್ತೇನೆ.

ಪೋಪ್ ಫ್ರಾನ್ಸಿಸ್ 2018ರಲ್ಲಿ ಪಾವಿತ್ರ್ಯದ ಬಗ್ಗೆ ಬರೆದ ಪತ್ರದಲ್ಲಿ "ಪಕ್ಕದ ಮನೆಯ ಸಂತರು" ಎಂಬ ಮಾತು ಬರುತ್ತದೆ. ಅಲ್ಲೊಬ್ಬ ಹೆಂಗಸು ಇದ್ದಾಳೆ. ಅಂಗಡಿಗೆ ಹೋಗುತ್ತಾಳೆ, ಪಕ್ಕದ ಮನೆಯವಳು ಸಿಗುತ್ತಾಳೆ, ಮಾತು ಚಾಡಿಯ ಕಡೆ ಹೊರಳುತ್ತದೆ, ಇವಳು "ಬೇಡ" ಎಂದುಕೊಳ್ಳುತ್ತಾಳೆ. ಮನೆಗೆ ಬಂದರೆ ಮಗುವಿಗೆ ಏನೋ ಹೇಳಬೇಕಾಗಿದೆ, ಇವಳಿಗೆ ಸುಸ್ತು, ಆದರೂ ಕುಳಿತು ಕೇಳುತ್ತಾಳೆ. ಅಷ್ಟೇ. ಪವಾಡವಿಲ್ಲ, ದರ್ಶನವಿಲ್ಲ. ಅದನ್ನು ಓದಿದಾಗ ಈ ಮುದುಕರಿಗೆ ನಮ್ಮ ಮನೆಯ ಸಂಜೆ ಹೇಗೆ ಗೊತ್ತಾಯಿತು ಎನ್ನಿಸಿತು.

ಮಾರ್ತಳ ಪಕ್ಷ
ಚಾಡಿ ಬಿಡುವುದು ಎಲ್ಲಕ್ಕಿಂತ ಕಷ್ಟ. ಅದರ ಬದಲು ನಲವತ್ತು ದಿನದ ಉಪವಾಸ ಮಾಡಿಯೇನು.

ಗಾಯನವೃಂದ
ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಬರೆದ ಶಾಂತಿಯ ಪ್ರಾರ್ಥನೆಯನ್ನು ನಾನು ದಿನಾ ಹೇಳುತ್ತೇನೆ. ನಿರಾಶೆ ಇರುವಲ್ಲಿ ಭರವಸೆ ಬಿತ್ತು ಎಂಬ ಸಾಲು ಅದರಲ್ಲೇ ಇದೆ. ಇದನ್ನಾದರೂ ಒಪ್ಪುತ್ತೀರಾ ಮೇಷ್ಟರೇ?

ನಿವೃತ್ತ ಮೇಷ್ಟರು
ಪ್ರಾರ್ಥನೆಯನ್ನು ಒಪ್ಪುತ್ತೇನೆ. ಬರೆದವರು ಅಸ್ಸಿಸಿಯ ಫ್ರಾನ್ಸಿಸ್ ಅಲ್ಲ. ಅದು ಮೊದಲು ಅಚ್ಚಾದದ್ದು 1912ರಲ್ಲಿ, ಪ್ಯಾರಿಸಿನ ಒಂದು ಸಣ್ಣ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ.

ಗಾಯನವೃಂದ
ನಾನು ಇನ್ನು ಮುಂದೆ ಹಾಡುವುದು ಮಾತ್ರ.

ಮೂರು ಮಕ್ಕಳ ತಾಯಿ
ಹೆಸರಿಲ್ಲದವರು ಬರೆದದ್ದು ಎಂದು ತಿಳಿದ ಮೇಲೆ ನನಗೆ ಅದು ಇನ್ನೂ ಇಷ್ಟವಾಯಿತು.

ಪಾದಚಾರಿ
ಒಂದು ಸಾಲಿನವನು ಎಂದು ನನ್ನನ್ನು ಎಲ್ಲರೂ ಹಾಸ್ಯ ಮಾಡುತ್ತೀರಿ, ಈ ಸಲ ಉದ್ದಕ್ಕೆ ಬರೆಯುತ್ತೇನೆ. ವಿಯೆಟ್ನಾಮಿನ ಫ್ರಾನ್ಸಿಸ್ ಸೇವಿಯರ್ ನ್ಗುಯೆನ್ ವಾನ್ ಥುವಾನ್ ಸೈಗಾನಿನ ಸಹಾಯಕ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡ ಕೆಲವೇ ತಿಂಗಳಲ್ಲಿ, 1975ರ ಆಗಸ್ಟ್ 15ರಂದು ಬಂಧಿತರಾದರು. ವಿಚಾರಣೆಯೇ ಇಲ್ಲದೆ 13 ವರ್ಷ ಸೆರೆ, ಅದರಲ್ಲಿ 9 ವರ್ಷ ಒಂಟಿ ಕೋಣೆ. ಬಿಡುಗಡೆಯ ದಿನ ಬರಲಿ, ಆಮೇಲೆ ಸೇವೆ ಮಾಡುತ್ತೇನೆ ಎಂದು ಕಾಯುತ್ತ ಕೂರುವುದಿಲ್ಲ, ಈ ಗಳಿಗೆಯನ್ನೇ ಪ್ರೀತಿಯಿಂದ ತುಂಬುತ್ತೇನೆ ಎಂದು ನಿರ್ಧರಿಸಿದರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಒಬ್ಬ ಬಾಲಕನ ಮೂಲಕ ತರಿಸಿಕೊಂಡು, ಅವುಗಳ ಬೆನ್ನಿಗೆ ತಮ್ಮ ಜನರಿಗೆ ಸಂದೇಶ ಬರೆದು ಕಳುಹಿಸುತ್ತಿದ್ದರು. ಹೊಟ್ಟೆನೋವಿನ ಔಷಧಿ ಎಂಬ ಹೆಸರಿನಲ್ಲಿ ದ್ರಾಕ್ಷಾರಸ ಒಳಗೆ ಬರುತ್ತಿತ್ತು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು, ಅದೇ ಪೂಜೆ. ಸೋಪಿನ ತುಂಡಿನಲ್ಲಿ ಬಚ್ಚಿಟ್ಟ ಮರದಿಂದ ಶಿಲುಬೆ, ವಿದ್ಯುತ್ ತಂತಿಯಿಂದ ಸರಪಣಿ. ಅದಕ್ಕೆ ಕಾವಲುಗಾರರೇ ನೆರವಾದರು.

ತೋಮನ ತಮ್ಮನವರೇ, ಇದೂ ಮುಗಿದ ಕಥೆಯೇ, ಒಪ್ಪುತ್ತೇನೆ. ಆದರೆ ಅವರು ಅದನ್ನೆಲ್ಲ ಮಾಡುವಾಗ ಅದು ಮುಗಿದಿರಲಿಲ್ಲ. ಬಿಡುಗಡೆ ಇದೆಯೇ ಎಂಬುದೇ ಗೊತ್ತಿರಲಿಲ್ಲ.

ತೋಮನ ತಮ್ಮ
ಇದಕ್ಕೆ ನನ್ನ ಬಳಿ ತಕ್ಷಣಕ್ಕೆ ಉತ್ತರವಿಲ್ಲ. ಯೋಚಿಸಿ ಬರೆಯುತ್ತೇನೆ. ನಂಬಿದೆ ಎಂದು ಯಾರೂ ಬರೆದುಕೊಳ್ಳಬೇಡಿ.

ಮಾರ್ತಳ ಪಕ್ಷ
ಬರೆದುಕೊಂಡಿಲ್ಲ. ಭರವಸೆ ಇಟ್ಟಿದ್ದೇವೆ.

ಹಿಂಬದಿ ಬೆಂಚು
ರಾತ್ರಿ ಪಾಳಿಯವರ ಸಲಹೆಯಂತೆ ನಿನ್ನೆ "ಅತ್ತೆಯವರ ಬಗ್ಗೆ ಹೇಳಿ" ಎಂದೆ. ಮದುವೆಯ ದಿನ ಮಳೆ ಬಂದದ್ದು, ಚರ್ಚಿನ ಬಾಗಿಲಲ್ಲಿ ಒಂದೇ ಕೊಡೆಗೆ ಇಬ್ಬರೂ ಜಗಳವಾಡಿದ್ದು, ನಾನು ಈ ಮನೆಗೆ ಬಂದು ಇಷ್ಟು ವರ್ಷಗಳಲ್ಲಿ ಕೇಳದ ಕಥೆಯನ್ನು ಹೇಳಿದರು. ಜಪಸರ ಗಟ್ಟಿಯಾಗಿ ಹೇಳಿದೆ. ಅವರು ಉತ್ತರ ಕೊಡಲಿಲ್ಲ, ನಾನು ಮೂರನೆಯ ರಹಸ್ಯಕ್ಕೆ ನಿದ್ದೆ ಹೋದೆ. ಮಲಗಿಕೊಂಡು ಹೇಳುವ ಜಪಸರ ಲೆಕ್ಕಕ್ಕೆ ಬರುತ್ತದೆಯೇ? ಮತ್ತೆ ನನ್ನನ್ನು ಕೊರೆಯುತ್ತಿರುವುದು ಭಾನುವಾರ. ಪೂಜೆ ತಪ್ಪಿದ್ದಕ್ಕೆ ಪ್ರತಿ ಸಲವೂ ಪಾಪನಿವೇದನೆ ಮಾಡಬೇಕೇ?

ನಿವೃತ್ತ ಮೇಷ್ಟರು
ನಿದ್ದೆಯ ವಿಷಯಕ್ಕೆ ಮತ್ತೆ ಚಿಕ್ಕ ತೆರೇಸಾರೇ ಗತಿ. ಪ್ರಾರ್ಥನೆಯಲ್ಲಿ ವರ್ಷಗಟ್ಟಲೆ ತೂಕಡಿಸಿದವರು ಅವರು. ಅದಕ್ಕೆ ಬೇಸರಪಡಬೇಕಿತ್ತು, ಆದರೆ ಮಕ್ಕಳು ಎದ್ದಿದ್ದರೂ ಮಲಗಿದ್ದರೂ ತಂದೆತಾಯಿಗಳಿಗೆ ಒಂದೇ ಎಂದು ಸುಮ್ಮನಾದೆ ಎಂದು ಬರೆದಿದ್ದಾರೆ.

ಸೆಮಿನರಿ ಬಿಟ್ಟವ
ಭಾನುವಾರದ ಪೂಜೆ ಕಡ್ಡಾಯ, ಆದರೆ ಗಂಭೀರ ಕಾರಣವಿದ್ದರೆ ವಿನಾಯಿತಿ ಇದೆ. ಧರ್ಮೋಪದೇಶ ಗ್ರಂಥದ 2181ನೆಯ ಸಂಖ್ಯೆ ನೋಡಿ. ಅನಾರೋಗ್ಯ ಮತ್ತು ಹಸುಗೂಸುಗಳ ಆರೈಕೆಯನ್ನು ಅಲ್ಲಿ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ಬಿಟ್ಟು ಹೋಗಲಾಗದ ರೋಗಿಯ ಆರೈಕೆ ಅದೇ ಜಾತಿಯದು. ಬೇರೆ ಯಾರಾದರೂ ಒಂದು ಗಂಟೆ ಕೂರಲು ಸಿಕ್ಕಿದ ವಾರ ಹೋಗಿ, ಸಿಗದ ವಾರ ಅದು ಪಾಪವೇ ಅಲ್ಲ. ಮನಸ್ಸಿಗೆ ಸಮಾಧಾನವಾಗದಿದ್ದರೆ ಗುರುಗಳನ್ನು ಒಮ್ಮೆ ಕೇಳಿಬಿಡಿ. ಮನೆಗೆ ಪರಮಪ್ರಸಾದ ತರಿಸಿಕೊಳ್ಳುತ್ತೀರೋ ಇಲ್ಲವೋ?

ಹಿಂಬದಿ ಬೆಂಚು
ಮಾವನಿಗೆ ತರುತ್ತಾರೆ ಎಂದು ಗೊತ್ತಿತ್ತು, ಕೇಳಲು ಸಂಕೋಚವಾಗುತ್ತಿತ್ತು. ಇವತ್ತು ಕಚೇರಿಗೆ ಫೋನ್ ಮಾಡಿದೆ. ಗುರುವಾರ ಬರುತ್ತಾರಂತೆ. ಆಗ ನಾನೂ ಸ್ವೀಕರಿಸಬಹುದೇ? ಅವರು ಯಾವ ಹೊತ್ತಿಗೆ ಬರುತ್ತಾರೋ ಗೊತ್ತಿಲ್ಲ, ಪ್ರಸಾದಕ್ಕೆ ಮುನ್ನ ಇರಬೇಕಾದ ಒಂದು ಗಂಟೆಯ ಉಪವಾಸ ಹೇಗೆ ಲೆಕ್ಕ ಹಾಕುವುದು?

ಸೆಮಿನರಿ ಬಿಟ್ಟವ
ಸ್ವೀಕರಿಸಬಹುದು, ಫೋನಿನಲ್ಲಿ ಇಬ್ಬರು ಎಂದು ಮೊದಲೇ ಹೇಳಿಡಿ. ಉಪವಾಸದ ಲೆಕ್ಕ ಬೇಡ. ಧರ್ಮಸಭೆಯ ಕಾನೂನಿನ 919ನೆಯ ನಿಯಮದ ಮೂರನೆಯ ಭಾಗ ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅದರಿಂದ ವಿನಾಯಿತಿ ಕೊಟ್ಟಿದೆ. ಕಾನೂನು ಬರೆದವರಿಗೆ ನಿಮ್ಮ ನೆನಪು ಇತ್ತು.

ಮಾರ್ತಳ ಪಕ್ಷ
ಶನಿವಾರ ಮಧ್ಯಾಹ್ನದ ವಿಷಯ ಏನಾಯಿತು? ನಾದಿನಿ?

ಹಿಂಬದಿ ಬೆಂಚು
ಫೋಟೊದ ಕೆಳಗೆ ಬರೆಯಲಿಲ್ಲ, ಖಾಸಗಿಯಾಗಿ ಬರೆದೆ. ಎರಡು ದಿನ ಮೌನ. ಇವತ್ತು "ತಿಂಗಳಿಗೆ ಎರಡು ಶನಿವಾರ" ಎಂದು ಬಂತು.

ಮಾರ್ತಳ ಪಕ್ಷ
ನಾಲ್ಕಕ್ಕೆ ಚೌಕಾಸಿ ಮಾಡಿ.

ಮೂರು ಮಕ್ಕಳ ತಾಯಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಪ್ರಬೋಧನೆ ಹತ್ತು ನಿಮಿಷ ಮೀರಬಾರದು ಎಂದು ಪೋಪ್ ಫ್ರಾನ್ಸಿಸ್ ಹೇಳಿದ್ದರಲ್ಲವೇ? ನಮ್ಮಲ್ಲಿ ಯಾರಾದರೂ ಅದನ್ನು ಗುರುಗಳಿಗೆ ತಿಳಿಸಬೇಕು.

ನಿವೃತ್ತ ಮೇಷ್ಟರು
ಹತ್ತು ಎಂದದ್ದು 2018ರಲ್ಲಿ. 2024ರ ಜೂನ್ 12ರಂದು ಎಂಟಕ್ಕೆ ಇಳಿಸಿದರು, ಆಮೇಲೆ ಜನ ನಿದ್ದೆ ಹೋಗುತ್ತಾರೆ ಎಂದು ಕಾರಣವನ್ನೂ ಕೊಟ್ಟರು.

ಪಾದಚಾರಿ
ಮೇಷ್ಟರ ಉತ್ತರಗಳಿಗೂ ಈ ನಿಯಮ ಅನ್ವಯಿಸುತ್ತದೆಯೇ?

ನಿವೃತ್ತ ಮೇಷ್ಟರು
ನಾನು ಯಾಜಕನಲ್ಲ. ನನಗೆ ಮಿತಿಯಿಲ್ಲ.